ಯಂತ್ರದ ಕರಡನ್ನು ಅಳೆಯುವ ಕಣ್ಣು: ಕಾನೂನು ವಿದ್ಯಾರ್ಥಿಗೆ ಅದನ್ನು ಯಾರು ಕೊಡಬೇಕು?

2025ರ ಜೂನ್ 6ರಂದು ಇಂಗ್ಲೆಂಡಿನ ಹೈಕೋರ್ಟ್ ಎರಡು ಪ್ರಕರಣಗಳನ್ನು ಒಟ್ಟಿಗೆ ಎತ್ತಿಕೊಂಡು ಒಂದೇ ತೀರ್ಪು ಕೊಟ್ಟಿತು. ಒಂದು, ಬ್ಯಾಂಕಿನ ವಿರುದ್ಧ ಹೂಡಿದ್ದ ದೊಡ್ಡ ಮೊತ್ತದ ದಾವೆ. ಅದರಲ್ಲಿ ದಾವೆದಾರರ ಕಡೆಯಿಂದ ಸಲ್ಲಿಸಿದ್ದ 45 ಉಲ್ಲೇಖಗಳ ಪೈಕಿ 18 ತೀರ್ಪುಗಳು ಎಲ್ಲಿಯೂ ಇರಲಿಲ್ಲ. ಕೃತಕ ಬುದ್ಧಿಮತ್ತೆಯ (ಎಐ) ಸಾಧನಗಳನ್ನೂ ಬಳಸಿ ಹುಡುಕಾಟ ನಡೆಸಿದ್ದು ಕಕ್ಷಿದಾರ. ಅದನ್ನು ನಂಬಿ ಕೋರ್ಟಿಗೆ ಒಪ್ಪಿಸಿದ್ದು ವಕೀಲರು. ಇನ್ನೊಂದು, ವಸತಿಗಾಗಿ ಸ್ಥಳೀಯ ಆಡಳಿತದ ವಿರುದ್ಧ ಬಂದ ಅರ್ಜಿ. ಅದರಲ್ಲಿ ಐದು ಸುಳ್ಳು ತೀರ್ಪುಗಳಿದ್ದವು. ಅರ್ಜಿ ಬರೆದವರು ವೃತ್ತಿಗೆ ಆಗಷ್ಟೇ ಕಾಲಿಟ್ಟಿದ್ದ ಬ್ಯಾರಿಸ್ಟರ್.

ಪೀಠದ ಮುಖ್ಯಸ್ಥೆ ವಿಕ್ಟೋರಿಯಾ ಶಾರ್ಪ್ ಅವರ ತೀರ್ಪಿನಲ್ಲಿ ಎಚ್ಚರಿಕೆಯ ಮಾತುಗಳು ಬೇಕಾದಷ್ಟಿವೆ. ನ್ಯಾಯಾಂಗ ನಿಂದನೆಯ ಪ್ರಸ್ತಾಪವೂ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಬೇರೆ ಎರಡು ಮಾತು. ಬರೀ ಮಾರ್ಗಸೂಚಿ ಹೊರಡಿಸಿದರೆ ಸಾಲದು ಎಂದು ಅವರು ನೇರವಾಗಿ ಹೇಳಿದರು. ಆ ಕಿರಿಯ ಬ್ಯಾರಿಸ್ಟರ್‌ಗೆ ತರಬೇತಿ ಕೊಡಬೇಕಾಗಿದ್ದವರು ತಮ್ಮ ಹೊಣೆಯನ್ನು ನಿಭಾಯಿಸಿದ್ದರೇ ಎಂಬ ಪ್ರಶ್ನೆಯನ್ನೂ ಎತ್ತಿದರು. ಕೃತಕ ಬುದ್ಧಿಮತ್ತೆ ಮತ್ತು ಕಾನೂನು ಎಂದೊಡನೆ ಎಲ್ಲರೂ ತಪ್ಪು ಮಾಡಿದ ವಕೀಲರ ಕಡೆಗೇ ಬೆರಳು ತೋರಿಸುತ್ತಾರೆ. ಅವರನ್ನು ತಯಾರು ಮಾಡಿದವರ ಕಡೆಗೆ ನೋಡಿದ ತೀರ್ಪುಗಳು ಕಡಿಮೆ.

ಇಂಥ ಪ್ರಕರಣಗಳು ಈಗ ಹಲವು ದೇಶಗಳಲ್ಲಿ ಬಂದಿವೆ. ಎಲ್ಲಕ್ಕಿಂತ ಹೆಚ್ಚು ಸುದ್ದಿಯಾದದ್ದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ 2023ರಲ್ಲಿ ನಡೆದ ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣ. ಚಾಟ್‌ಜಿಪಿಟಿ ಕಟ್ಟಿಕೊಟ್ಟ ತೀರ್ಪುಗಳನ್ನು ಸಲ್ಲಿಸಿದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಆ ವಕೀಲರಿಗೆ ಅನುಮಾನವೇ ಬಂದಿರಲಿಲ್ಲ ಎಂದೇನಲ್ಲ. ನೀನು ಕೊಟ್ಟ ಪ್ರಕರಣ ನಿಜವೇ ಎಂದು ಅವರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ನಿಜ ಎಂದು ಅದು ಉತ್ತರಿಸಿತ್ತು. ಅಂದರೆ ಪರಿಶೀಲಿಸಬೇಕೆಂಬ ಮನಸ್ಸಿತ್ತು, ಪರಿಶೀಲನೆ ಎಂದರೆ ಏನೆಂಬುದು ಗೊತ್ತಿರಲಿಲ್ಲ. ಭಾರತದಲ್ಲಿ, ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರಿನಲ್ಲಿ ಹೊರಡಿಸಿದ ಒಂದು ಆದೇಶದಲ್ಲಿ ಇಲ್ಲದ ತೀರ್ಪುಗಳು ನುಸುಳಿ, ಆದೇಶವನ್ನೇ ಹಿಂಪಡೆಯಬೇಕಾಯಿತು. 2025ರ ಮಾರ್ಚಿನಲ್ಲಿ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಎಂದೂ ಕೊಡದ ತೀರ್ಪುಗಳ ಉಲ್ಲೇಖ ಕಂಡು ಕರ್ನಾಟಕ ಹೈಕೋರ್ಟ್ ವಿಚಾರಣೆಗೆ ಸೂಚಿಸಿತು.

ಪ್ರತಿ ಸಲವೂ ಬರುವ ಸಲಹೆ ಒಂದೇ: ಬಳಸಿ, ಆದರೆ ಪರಿಶೀಲಿಸಿ. ಹೇಳುವುದು ಸುಲಭ. ಪರಿಶೀಲಿಸುವವನಿಗೆ ಏನು ಗೊತ್ತಿರಬೇಕು, ಅದನ್ನು ಅವನು ಎಲ್ಲಿ ಕಲಿಯಬೇಕು ಎಂಬಲ್ಲಿಗೆ ಬಂದಾಗ ಚರ್ಚೆ ನಿಂತುಹೋಗುತ್ತದೆ. ಕಾನೂನು ಕಾಲೇಜುಗಳ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಇಲ್ಲದ ತೀರ್ಪನ್ನು ಹಿಡಿಯುವುದು ಎಲ್ಲಕ್ಕಿಂತ ಸುಲಭದ ಕೆಲಸ. ತೀರ್ಪುಗಳ ಅಧಿಕೃತ ಕೋಶದಲ್ಲಿ ಉಲ್ಲೇಖದ ಸಂಖ್ಯೆ ಹಾಕಿದರೆ ಎರಡು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ಅದಕ್ಕಿಂತ ಕಷ್ಟದ್ದು, ತೀರ್ಪು ನಿಜವಾಗಿ ಇದ್ದು ಯಂತ್ರ ಹೇಳಿದ ಮಾತು ಅದರಲ್ಲಿ ಇಲ್ಲದಿರುವುದು. ಇನ್ನೂ ಕಷ್ಟದ್ದು, ಆ ಮಾತು ಅಲ್ಲಿದ್ದೂ ಅದು ಭಿನ್ನಮತದ ನ್ಯಾಯಮೂರ್ತಿಯದ್ದಾಗಿರುವುದು, ಪ್ರಾಸಂಗಿಕವಾಗಿ ಆಡಿದ್ದಾಗಿರುವುದು, ಅಥವಾ ಮುಂದೊಂದು ದಿನ ದೊಡ್ಡ ಪೀಠ ಅದನ್ನು ತಳ್ಳಿಹಾಕಿರುವುದು. ಸ್ಟ್ಯಾನ್‌ಫರ್ಡ್ ಸಂಶೋಧಕರು 2024ರಲ್ಲಿ ವಕೀಲರಿಗೆಂದೇ ಮಾರಾಟವಾಗುವ ದುಬಾರಿ ಎಐ ಸಾಧನಗಳನ್ನು ಪರೀಕ್ಷಿಸಿದರು. ಸಾಮಾನ್ಯ ಚಾಟ್‌ಬಾಟ್‌ಗಿಂತ ಅವು ಮೇಲು. ಆದರೂ ಸಾಧನಕ್ಕೆ ತಕ್ಕಂತೆ ಶೇ 17ರಿಂದ 33ರಷ್ಟು ಪ್ರಶ್ನೆಗಳಿಗೆ ತಪ್ಪು ಉತ್ತರವೋ ಆಧಾರಕ್ಕೆ ಹೊಂದದ ಉತ್ತರವೋ ಬಂತು. ನಿಜವಾದ ತೀರ್ಪಿಗೆ ಕೊಂಡಿ ಹಾಕಿ, ಅದು ಹೇಳದ್ದನ್ನು ಅದರ ಬಾಯಲ್ಲಿ ಹೇಳಿಸುವ ತಪ್ಪನ್ನು ಹಿಡಿಯಲು ಕೊಂಡಿ ತೆರೆದು ಓದಬೇಕು. ಓದಿದವರಿಗೆ ತೀರ್ಪು ಓದಲು ಬರಬೇಕು.

ಯಂತ್ರ ಇಲ್ಲಿ ಎಡವುವುದಕ್ಕೆ ಕಾರಣ ಆಳದಲ್ಲಿದೆ. ವಿದ್ಯಾರ್ಥಿಗಳಿಗೆ ತಂತ್ರಜ್ಞಾನದ ಬಗ್ಗೆ ಒಂದೇ ಒಂದು ಪಾಠ ಮಾಡಲು ಅವಕಾಶವಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿ ಕಲಿಯುವುದು ಪಠ್ಯದ ರಾಶಿಯಿಂದ. ಹೆಚ್ಚು ಸಲ ಬರೆದದ್ದು ಅದರಲ್ಲಿ ಗಟ್ಟಿಯಾಗಿ ಕೂರುತ್ತದೆ. ಕಾನೂನು ನಡೆಯುವುದು ಅಧಿಕಾರದ ಮೇಲೆ. ನಿನ್ನೆ ಬಂದ ಒಂದು ಪ್ಯಾರಾ ಐವತ್ತು ವರ್ಷದ ಪುಸ್ತಕ ರಾಶಿಯನ್ನು ಒಂದೇ ಏಟಿಗೆ ಹಳತು ಮಾಡಬಲ್ಲದು. ಅಮೆರಿಕದಲ್ಲಿ ಗರ್ಭಪಾತದ ಹಕ್ಕನ್ನು ಒಪ್ಪಿದ 1973ರ ರೋ ವಿರುದ್ಧ ವೇಡ್ ತೀರ್ಪಿನ ಸುತ್ತ ಅರ್ಧ ಶತಮಾನ ಕಾಲ ತೀರ್ಪು, ಲೇಖನ, ಪಠ್ಯಪುಸ್ತಕಗಳು ಬೆಳೆದವು. 2022ರ ಜೂನ್ 24ರಂದು ಡಾಬ್ಸ್ ತೀರ್ಪು ಅದನ್ನು ರದ್ದು ಮಾಡಿತು. ಆ ದಿನದ ಮಟ್ಟಿಗೆ ಪಠ್ಯದ ತೂಕವೆಲ್ಲ ಒಂದು ಕಡೆ, ಕಾನೂನು ಇನ್ನೊಂದು ಕಡೆ.

ಭಾರತದಲ್ಲಿ ಇದಕ್ಕಿಂತ ಬಿಗಿಯಾದ ಗಂಟು ಬಿದ್ದಿದೆ. 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302ನೇ ಕಲಂ ಈಗ 103. ವಂಚನೆಯ 420 ಈಗ 318ರ ನಾಲ್ಕನೇ ಉಪಕಲಂ. ಹೊಸ ಸಂಹಿತೆಯಲ್ಲೂ 302 ಎಂಬ ಕಲಂ ಇದೆ, ಆದರೆ ಅದು ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತಿಗೆ ಸಂಬಂಧಿಸಿದ್ದು. ಹಳೆಯ 302ರ ಬಗ್ಗೆ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಬರಹ ಲೋಕದಲ್ಲಿದೆ, ಹೊಸ 103ರ ಬಗ್ಗೆ ಹಿಡಿಯಷ್ಟು. ಹಾಗೆಂದು ಹಳೆಯದನ್ನು ಕಣ್ಣು ಮುಚ್ಚಿ ಹೊಸದಕ್ಕೆ ಬದಲಿಸಿದರೂ ತಪ್ಪೇ, ಏಕೆಂದರೆ 2024ರ ಜುಲೈಗೆ ಮೊದಲು ನಡೆದ ಕೃತ್ಯಕ್ಕೆ ಇಂದಿಗೂ ಹಳೆಯ ಸಂಹಿತೆಯೇ ಅನ್ವಯ. ಕೃತ್ಯ ನಡೆದ ದಿನಾಂಕ ಯಾವುದು ಎಂದು ಮೊದಲು ಕೇಳಬೇಕೆಂಬ ತಿಳಿವಳಿಕೆ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಆ ಪ್ರಶ್ನೆ ವಿದ್ಯಾರ್ಥಿಯ ತಲೆಯಲ್ಲಿ ತಾನಾಗಿ ಏಳಬೇಕು. ಕೇಳಿದ್ದಕ್ಕೆ ಉತ್ತರ ಕೊಡುವ ಸಾಧನ ಕೇಳಬೇಕಾಗಿದ್ದನ್ನು ಪ್ರತಿ ಸಲ ನೆನಪಿಸುತ್ತದೆಂದು ನಂಬಿ ಕೂರುವಂತಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ತೀರ್ಪುಗಳ ಚರ್ಚೆಯಲ್ಲಿ ಕರಡು ಬರವಣಿಗೆಯ ಅಪಾಯ ಮರೆಯಾಗುತ್ತದೆ. ದಾವೆಗೆ ಉತ್ತರವಾಗಿ ಸಲ್ಲಿಸುವ ಲಿಖಿತ ಹೇಳಿಕೆಯನ್ನು ಬರೆದುಕೊಡು ಎಂದರೆ ಎಐ ಸೊಗಸಾಗಿ ಬರೆದುಕೊಡುತ್ತದೆ. ವಾಕ್ಯಗಳು ನೇರ, ಶೀರ್ಷಿಕೆಗಳು ಅಚ್ಚುಕಟ್ಟು. ದಾವೆಯಲ್ಲಿನ ಎಲ್ಲ ಆಪಾದನೆಗಳನ್ನು ಪ್ರತಿವಾದಿ ಅಲ್ಲಗಳೆಯುತ್ತಾನೆ ಎಂಬ ಗಂಭೀರ ಸಾಲೂ ಇರುತ್ತದೆ. ಆದರೆ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶ ಸಾರಾಸಗಟು ನಿರಾಕರಣೆಯನ್ನು ಒಪ್ಪುವುದಿಲ್ಲ. ಪ್ರತಿಯೊಂದು ಸಂಗತಿಯನ್ನೂ ಬಿಡಿಬಿಡಿಯಾಗಿ ನಿರಾಕರಿಸಬೇಕು. ಹಾಗೆ ನಿರಾಕರಿಸದ್ದನ್ನು ಒಪ್ಪಿಕೊಂಡಂತೆ ಎಣಿಸಬಹುದು. ಅನುಭವಿಗೆ ಆ ಸಾಲು ಕಂಡಕೂಡಲೇ ಎದೆ ಝಲ್ಲೆನ್ನುತ್ತದೆ: ಕಕ್ಷಿದಾರ ಕೇಸಿನ ಅರ್ಧವನ್ನು ಇಲ್ಲೇ ಬಿಟ್ಟುಕೊಟ್ಟ. ಹೊಸಬರಿಗೆ ಅದು ಚೆನ್ನಾಗಿ ಬರೆದ ಪುಟ. ಎರಡು ಕಣ್ಣುಗಳ ನಡುವಿನ ಈ ಅಂತರವನ್ನು ಯಾವ ಮಾರ್ಗಸೂಚಿಯೂ ತುಂಬಲಾರದು.

ಆ ಕಣ್ಣು ಇಷ್ಟು ಕಾಲ ಬರುತ್ತಿದ್ದದ್ದು ಹೇಗೆ? ನಿಜ ಹೇಳಬೇಕೆಂದರೆ, ಯಾರೂ ಯೋಜನೆ ಹಾಕಿ ಕಲಿಸಿದ್ದಲ್ಲ. ಸೀನಿಯರ್ ಒಂದು ಅಂಶ ಹುಡುಕಲು ಹೇಳುತ್ತಿದ್ದರು. ಜೂನಿಯರ್ ಇಪ್ಪತ್ತು ತೀರ್ಪು ಓದಿ, ಹತ್ತೊಂಬತ್ತನ್ನು ಬದಿಗಿಟ್ಟು, ಒಂದನ್ನು ಮೇಜಿನ ಮೇಲೆ ಇಡುತ್ತಿದ್ದರು. ಕಕ್ಷಿದಾರನಿಗೆ ಬೇಕಾದದ್ದು ಆ ಒಂದು. ಜೂನಿಯರನ್ನು ವಕೀಲನನ್ನಾಗಿ ಮಾಡಿದ್ದು ಮಿಕ್ಕ ಹತ್ತೊಂಬತ್ತು. ಯಾವುದು ಏಕೆ ಅನ್ವಯಿಸುವುದಿಲ್ಲ, ಸಂಗತಿಗಳ ಯಾವ ವ್ಯತ್ಯಾಸ ಫಲಿತಾಂಶವನ್ನು ಬದಲಿಸಿತು ಎಂಬುದು ಹೀಗೆ ಓದಿ ಓದಿ ಮೈಗೂಡುತ್ತಿತ್ತು. ಈಗ ಎಐ ಆ ಒಂದನ್ನು ನೇರವಾಗಿ ತಂದುಕೊಡುತ್ತದೆ, ಹತ್ತೊಂಬತ್ತರ ಓದು ಇಲ್ಲವಾಗುತ್ತದೆ.

ತಂತ್ರಜ್ಞಾನ ಈ ವೃತ್ತಿಗೆ ಹೊಸದೇನಲ್ಲ. ಕಾನೂನು ಮಾಹಿತಿ ಸೇವೆಯಾದ ಲೆಕ್ಸಿಸ್ 1973ರಲ್ಲೇ ಕಂಪ್ಯೂಟರಿನಲ್ಲಿ ತೀರ್ಪು ಹುಡುಕಲು ಅವಕಾಶ ಕೊಟ್ಟಿತು. ರಾಶಿ ದಾಖಲೆಗಳಿಂದ ಸಂಬಂಧಪಟ್ಟವನ್ನು ಆರಿಸಲು ಸಾಫ್ಟ್‌ವೇರ್ ಬಳಸುವುದಕ್ಕೆ ಅಮೆರಿಕದ ನ್ಯಾಯಾಲಯವೊಂದು 2012ರಲ್ಲಿ, ಇಂಗ್ಲೆಂಡಿನದು 2016ರಲ್ಲಿ ಒಪ್ಪಿಗೆ ಕೊಟ್ಟವು. ಅವೆಲ್ಲ ಹುಡುಕುವ ಶ್ರಮವನ್ನು ಇಳಿಸಿದವು. ಸಿಕ್ಕಿದ್ದನ್ನು ಓದಿ ವಾದ ಕಟ್ಟುವ ಕೆಲಸ ಮನುಷ್ಯರಿಗೇ ಉಳಿದಿತ್ತು. ಈಗಿನ ಸಾಧನಗಳು ಓದಿ ಸಾರಾಂಶ ಕೊಡುತ್ತವೆ, ವಾದದ ಹಂದರವನ್ನೂ ಹೆಣೆಯುತ್ತವೆ. ತರಬೇತಿ ಎಂದು ಯಾರೂ ಹೆಸರಿಡದಿದ್ದ ತರಬೇತಿಯೇ ಕೈತಪ್ಪುತ್ತಿದೆ.

ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗಗಳು ಈ ದೃಷ್ಟಿಯಿಂದ ಗಮನಿಸತಕ್ಕವು. 2023ರಲ್ಲಿ ಅಲ್ಲಿ 60 ಕಾನೂನು ವಿದ್ಯಾರ್ಥಿಗಳಿಗೆ ವಕೀಲಿ ಕೆಲಸಗಳನ್ನು ಓಪನ್‌ಎಐ ಕಂಪನಿಯ ಭಾಷಾ ಮಾದರಿ ಜಿಪಿಟಿ-4 ನೆರವಿನಿಂದಲೂ ನೆರವಿಲ್ಲದೆಯೂ ಮಾಡಿಸಿದರು. ಗುಣಮಟ್ಟ ಅಲ್ಪಸ್ವಲ್ಪ ಏರಿತು, ವೇಗ ಗಣನೀಯವಾಗಿ ಹೆಚ್ಚಿತು. ಕೌಶಲದಲ್ಲಿ ಹಿಂದಿದ್ದವರಿಗೆ ಲಾಭ ಹೆಚ್ಚು ಸಿಕ್ಕಿತು. ಪರೀಕ್ಷೆಯ ಪ್ರಶ್ನೆಗಳ ಮೇಲೆ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ತರಗತಿಯಲ್ಲಿ ಮುಂದಿದ್ದವರು ಎಐ ನೆರವು ಪಡೆದು ಹಿಂದೆ ಬಿದ್ದದ್ದೂ ಕಂಡಿತು. ಸಾಧನ ಎಲ್ಲರನ್ನೂ ನಡುವಿಗೆ ಎಳೆಯುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ದುರ್ಬಲ ವಿದ್ಯಾರ್ಥಿಯ ಉತ್ತರ ಪತ್ರಿಕೆ ಸುಧಾರಿಸಿದ್ದು ಸಂತೋಷದ ವಿಷಯ, ಆದರೆ ಪತ್ರಿಕೆ ಸುಧಾರಿಸಿದರೆ ವಿದ್ಯಾರ್ಥಿ ಸುಧಾರಿಸಿದಂತಲ್ಲ. ತನ್ನ ಹೆಸರಿನಲ್ಲಿರುವ ಪುಟದಲ್ಲಿ ಎಲ್ಲಿ ಟೊಳ್ಳಿದೆ ಎಂದು ಗುರುತಿಸಲಾಗದ ವಿದ್ಯಾರ್ಥಿ ಪದವಿ ಹಿಡಿದು ಹೊರಬಂದರೆ, ಅದರ ಬೆಲೆ ತೆರುವವನು ಮುಂದೆ ಅವನನ್ನು ನಂಬಿ ಬರುವ ಕಕ್ಷಿದಾರ.

ಹಾಗಾದರೆ ಕಾಲೇಜುಗಳಲ್ಲಿ ಎಐ ನಿಷೇಧಿಸಬೇಕೇ? ಆ ದಾರಿ ಹಿಡಿದವರು ಅಲ್ಲೇ ನಿಂತಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕಾನೂನು ಶಾಲೆ 2023ರಲ್ಲಿ ಪ್ರವೇಶ ಪ್ರಬಂಧಗಳಿಗೆ ಎಐ ಬಳಸಬಾರದೆಂದಿತು. 2025ರಲ್ಲಿ, ಎಐ ಬಳಸಿಯೇ ಬರೆಯಬೇಕಾದ ಒಂದು ಐಚ್ಛಿಕ ಪ್ರಬಂಧವನ್ನು ಸೇರಿಸಿತು. ಅದೇ ವರ್ಷ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಮೊದಲ ವರ್ಷದ ಎಲ್ಲ ಕಾನೂನು ವಿದ್ಯಾರ್ಥಿಗಳಿಗೂ ಎಐ ಪ್ರಮಾಣಪತ್ರದ ತರಬೇತಿಯನ್ನು ಕಡ್ಡಾಯ ಮಾಡಿತು. ಪರಿಚಯ ಬೇಕು, ನಿಜ. ಆದರೆ ಪ್ರಾಂಪ್ಟ್, ಅಂದರೆ ಯಂತ್ರಕ್ಕೆ ಕೊಡುವ ಸೂಚನೆ, ಬರೆಯುವುದನ್ನು ಕಲಿಸಿ ಕೈತೊಳೆದುಕೊಳ್ಳುವ ಕಾಲೇಜುಗಳ ಬಗ್ಗೆ ನನಗೆ ಆತಂಕವಿದೆ. ಇಂದಿನ ಸಾಧನದ ಕೌಶಲ ವಿದ್ಯಾರ್ಥಿ ಪದವಿ ಮುಗಿಸುವಷ್ಟರಲ್ಲಿ ಹಳತಾಗಿರುತ್ತದೆ.

ನನ್ನ ಮಟ್ಟಿಗೆ ಮುಖ್ಯವಾದದ್ದು ಕಲಿಕೆಯ ಅನುಕ್ರಮ. ಮೊದಲ ವರ್ಷ ತೀರ್ಪನ್ನು ಮೂಲದಲ್ಲೇ, ಯಾವ ಸಾರಾಂಶವೂ ಇಲ್ಲದೆ ಓದಬೇಕು. ಸಂಗತಿ ಯಾವುದು, ಪ್ರಶ್ನೆ ಯಾವುದು, ತಿರುಳು ಯಾವುದು, ಹೊಟ್ಟು ಯಾವುದು ಎಂದು ಕೈಯಾರೆ ಬರೆಯಬೇಕು. ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಲ್ಯಾಂಗ್ಡೆಲ್ 1870ರಲ್ಲಿ ಶುರುಮಾಡಿದ ಪದ್ಧತಿ, ತೀರ್ಪು ಓದಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವುದು, ಹಳೆಯದೆಂದು ಟೀಕೆಗೆ ಒಳಗಾಗಿದೆ. ಆ ಟೀಕೆಯಲ್ಲಿ ಹುರುಳೂ ಇತ್ತು. ಆದರೆ ಎದುರು ನಿಲ್ಲಿಸಿ, ಸಂಗತಿಯಲ್ಲಿ ಒಂದೆಳೆ ಬದಲಿಸಿ, ಈಗ ಏನಾಗುತ್ತದೆ ಎಂದು ಕೇಳುವ ಶಿಕ್ಷಕರ ಮುಂದೆ ಯಾವ ಚಾಟ್‌ಬಾಟೂ ನೆರವಿಗೆ ಬರುವುದಿಲ್ಲ.

ಅಡಿಪಾಯ ಬಿದ್ದ ಮೇಲೆ ಎಐ ತರಗತಿಯೊಳಗೆ ಬರಲಿ, ಕತ್ತರಿಸಿ ನೋಡುವ ವಸ್ತುವಾಗಿ ಬರಲಿ. ಶಿಕ್ಷಕರು ಯಂತ್ರ ಬರೆದ ಒಂದು ಅಭಿಪ್ರಾಯ ಪತ್ರವನ್ನು ಕೊಡುತ್ತಾರೆ. ಅದರಲ್ಲಿ ಒಂದು ತೀರ್ಪು ಹುಸಿ. ಒಂದು ನಿಜ, ಆದರೆ ರದ್ದಾದದ್ದು. ಒಂದು ಉಲ್ಲೇಖ ಭಿನ್ನಮತದ್ದು. ಇವೆಲ್ಲಕ್ಕಿಂತ ಮುಖ್ಯವಾಗಿ, ದಾವೆ ಹೂಡಲು ಇರುವ ಕಾಲಮಿತಿಯ ಪ್ರಶ್ನೆಯನ್ನು ಪತ್ರ ಎತ್ತಿಯೇ ಇಲ್ಲ. ಅಂಕ ಬೀಳುವುದು ವಿದ್ಯಾರ್ಥಿ ಹಿಡಿದ ತಪ್ಪುಗಳಿಗೆ, ಇಲ್ಲದ್ದನ್ನು ಕಂಡದ್ದಕ್ಕೆ ದುಪ್ಪಟ್ಟು. ಬರೆದದ್ದರ ತಪ್ಪು ಹುಡುಕುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಬರೆಯದೆ ಬಿಟ್ಟದ್ದನ್ನು ಕಾಣಲು ಕಾನೂನು ಗೊತ್ತಿರಬೇಕು. ಕೊನೆಯ ವರ್ಷಗಳಲ್ಲಿ ವಿದ್ಯಾರ್ಥಿ ಎಐ ಬಳಸಿಯೇ ಕರಡು ಬರೆಯಲಿ, ಏನು ಕೇಳಿದೆ, ಏನು ಬಂತು, ಏನನ್ನು ಏಕೆ ತೆಗೆದುಹಾಕಿದೆ ಎಂಬ ದಿನಚರಿಯನ್ನೂ ಒಪ್ಪಿಸಲಿ. ಆಮೇಲೆ ಹತ್ತು ನಿಮಿಷ ಮೌಖಿಕ ಪರೀಕ್ಷೆ. ತಾನು ಸಲ್ಲಿಸಿದ ಪ್ರತಿ ಸಾಲಿಗೂ ಬಾಯಿಬಿಟ್ಟು ಸಮರ್ಥನೆ ಕೊಡಲಿ. ನ್ಯಾಯಾಲಯದಲ್ಲಿ ಅವರನ್ನು ಕಾಯುತ್ತಿರುವುದೂ ಅದೇ.

ಪರೀಕ್ಷೆಗಳನ್ನು ಬದಲಿಸದೆ ಇದ್ಯಾವುದೂ ನಡೆಯುವುದಿಲ್ಲ. 2023ರ ಮಾರ್ಚಿನಲ್ಲಿ ಓಪನ್‌ಎಐ ತನ್ನ ಜಿಪಿಟಿ-4 ಅಮೆರಿಕದಲ್ಲಿ ವಕೀಲರಾಗಲು ಬರೆಯುವ ಬಾರ್ ಪರೀಕ್ಷೆಯಲ್ಲಿ ಮೇಲಿನ ಶೇ 10ರೊಳಗಿನ ಅಂಕ ಗಳಿಸಿತೆಂದು ಹೇಳಿಕೊಂಡಿತು. ಹೋಲಿಕೆಗೆ ಬಳಸಿದ ಅಭ್ಯರ್ಥಿಗಳ ಗುಂಪನ್ನೇ ಪ್ರಶ್ನಿಸಿದ ನಂತರದ ಅಧ್ಯಯನ, ನಿಜವಾದ ಸ್ಥಾನ ಅದಕ್ಕಿಂತ ಬಹಳ ಕೆಳಗಿದೆ ಎಂದಿತು. ಸ್ಥಾನ ಯಾವುದೇ ಇರಲಿ, ಪರೀಕ್ಷೆ ತೇರ್ಗಡೆಯಾದ ಯಂತ್ರವೇ ಹುಸಿ ತೀರ್ಪು ಹೆಣೆಯುತ್ತದೆ ಎಂದರೆ, ಆ ಪರೀಕ್ಷೆ ವಕೀಲರಿಗೆ ಬೇಕಾದ ಮುಖ್ಯ ಗುಣವನ್ನು ಅಳೆಯುತ್ತಿಲ್ಲ ಎಂದಾಯಿತು. ಟಿಪ್ಪಣಿ ಉರು ಹೊಡೆದು ಮೂರು ಗಂಟೆ ಬರೆಯುವ ಪತ್ರಿಕೆಗಳ ಮೇಲೆ ನಿಂತ ವ್ಯವಸ್ಥೆಗಳೆಲ್ಲ ಈ ಮಾತನ್ನು ಕೇಳಿಸಿಕೊಳ್ಳಬೇಕು. ಭಾರತದ ಪಠ್ಯಕ್ರಮದಲ್ಲಿ ಕರಡು ಬರವಣಿಗೆ, ವೃತ್ತಿನೀತಿ, ಪರ್ಯಾಯ ವ್ಯಾಜ್ಯ ಪರಿಹಾರ, ಅಣಕು ನ್ಯಾಯಾಲಯ ಎಂಬ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಬಾರ್ ಕೌನ್ಸಿಲ್ ಈಗಾಗಲೇ ಕಡ್ಡಾಯ ಮಾಡಿದೆ. ಹೊಸ ವಿಷಯ ಸೇರಿಸುವ ಮೊದಲು ಈ ನಾಲ್ಕನ್ನು ಗಂಭೀರವಾಗಿ ನಡೆಸಿದರೆ ಅರ್ಧ ದಾರಿ ಸವೆಯುತ್ತದೆ.

ಗೋಪ್ಯತೆಯನ್ನು ಮಾತ್ರ ಮೊದಲ ದಿನವೇ ಕಲಿಸಬೇಕು. ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ, ಕಾನೂನು ನೆರವು ಕೇಂದ್ರಕ್ಕೆ ಹೋಗುತ್ತಾರೆ. ಯಾರದೋ ವಿಚ್ಛೇದನದ ಅರ್ಜಿ, ಯಾರದೋ ವೈದ್ಯಕೀಯ ವರದಿ ಕೈಗೆ ಬರುತ್ತದೆ. ಸಾರಾಂಶ ಬೇಕೆಂದು ಅದನ್ನು ಹಾಗೇ ಸಾರ್ವಜನಿಕ ಚಾಟ್‌ಬಾಟ್‌ಗೆ ಅಂಟಿಸಿದರೆ ಕಕ್ಷಿದಾರರ ವಿಶ್ವಾಸವನ್ನು ಮುರಿದಂತೆ. ಅಮೇರಿಕನ್ ಬಾರ್ ಅಸೋಸಿಯೇಷನ್ 2024ರ ಜುಲೈನಲ್ಲಿ ಹೊರಡಿಸಿದ 512ನೇ ಅಭಿಪ್ರಾಯ ಸಾಮರ್ಥ್ಯ, ಗೋಪ್ಯತೆ, ನ್ಯಾಯಾಲಯದ ಮುಂದಿನ ಪ್ರಾಮಾಣಿಕತೆ, ಶುಲ್ಕ ಎಲ್ಲವನ್ನೂ ಒಂದೆಡೆ ವಿವರಿಸುತ್ತದೆ. ಹತ್ತು ನಿಮಿಷದಲ್ಲಿ ಯಂತ್ರ ಮುಗಿಸಿದ ಕೆಲಸಕ್ಕೆ ಹಲವು ಗಂಟೆಗಳ ಶುಲ್ಕ ಕೇಳುವಂತಿಲ್ಲ ಎಂಬ ತರ್ಕವೂ ಅದರಲ್ಲಿದೆ. ವೃತ್ತಿನೀತಿಯ ತರಗತಿಗೆ ಒಳ್ಳೆಯ ಪಠ್ಯ.

ಇಲ್ಲಿಯವರೆಗೆ ಎಐ ಬಳಸುವ ವಕೀಲರ ಮಾತಾಯಿತು. ಎಐ ವಿರುದ್ಧ ವಾದಿಸಬೇಕಾದ ವಕೀಲರೂ ಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆರೋಪಿಯೊಬ್ಬರ ಶಿಕ್ಷೆ ನಿಗದಿಯಲ್ಲಿ ಕಾಂಪಾಸ್ ಎಂಬ ಅಪಾಯ ಅಳೆಯುವ ಸಾಫ್ಟ್‌ವೇರ್ ಬಳಕೆಯಾಯಿತು. ಅದು ಹೇಗೆ ಲೆಕ್ಕ ಹಾಕುತ್ತದೆಂಬುದು ಕಂಪನಿಯ ವ್ಯಾಪಾರ ರಹಸ್ಯವಾಗಿತ್ತು. 2016ರ ಲೂಮಿಸ್ ತೀರ್ಪಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕೆಲವು ಎಚ್ಚರಿಕೆಗಳೊಂದಿಗೆ ಆ ಬಳಕೆಯನ್ನು ಎತ್ತಿಹಿಡಿಯಿತು. ಮನುಷ್ಯನ ಸ್ವಾತಂತ್ರ್ಯ ಒಂದು ಅಂಕಿಯ ಮೇಲೆ ನಿಂತಾಗ, ಆ ಅಂಕಿಗೆ ಪಾಟೀಸವಾಲು ಹಾಕುವುದು ಹೇಗೆ? ಯಾವ ದತ್ತಾಂಶದಿಂದ ಕಲಿತದ್ದು, ಯಾವ ಗುಂಪಿನ ಜನರ ವಿಷಯದಲ್ಲಿ ಹೆಚ್ಚು ತಪ್ಪುತ್ತದೆ, ತಪ್ಪನ್ನು ಅಳೆದವರು ಯಾರು ಎಂದು ಕೇಳಬಲ್ಲವರು ಬೇಕು. ಸ್ವಲ್ಪ ಸಂಖ್ಯಾಶಾಸ್ತ್ರ ಕಾನೂನು ವಿದ್ಯಾರ್ಥಿಗೂ ಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಎಐ ಕಾಯ್ದೆ, ನ್ಯಾಯದಾನದಲ್ಲಿ ನೆರವಾಗುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ರೂಪಿಸಿದ ನೀತಿ, ತೀರ್ಪು ನಿರ್ಧರಿಸಲು ಎಐ ಬಳಸುವಂತಿಲ್ಲ ಎಂದಿದೆ. ಈ ನಿಯಮಗಳ ಉಲ್ಲಂಘನೆಯನ್ನು ಎತ್ತಿ ತೋರಿಸಬೇಕಾದವರು ಇಂದು ತರಗತಿಯಲ್ಲಿ ಕುಳಿತಿದ್ದಾರೆ.

ಸಾಕ್ಷ್ಯದ ಕಡೆಯೂ ಇದೇ ಕಥೆ. ಧ್ವನಿಯನ್ನೂ ವಿಡಿಯೊವನ್ನೂ ಕೃತಕವಾಗಿ ಸೃಷ್ಟಿಸಬಹುದಾದಾಗ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಡಿಜಿಟಲ್ ದಾಖಲೆಗೆ ಕೇಳುವ ಪ್ರಮಾಣಪತ್ರ ಮತ್ತು ಹ್ಯಾಶ್ ಮೌಲ್ಯ (ಕಡತದ ಡಿಜಿಟಲ್ ಬೆರಳಚ್ಚು) ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂದು ವಿದ್ಯಾರ್ಥಿಗೆ ಗೊತ್ತಿರಬೇಕು. ಹ್ಯಾಶ್ ಹೊಂದಿದರೆ ಕಡತ ಆಮೇಲೆ ಬದಲಾಗಿಲ್ಲ ಎಂದಷ್ಟೇ ಅರ್ಥ. ಕಡತ ಹುಟ್ಟಿದ್ದೇ ಸುಳ್ಳಾಗಿ ಎಂಬ ವಾದಕ್ಕೆ ಅದು ಉತ್ತರವಲ್ಲ.

ಇದೆಲ್ಲ ಶ್ರೀಮಂತ ಕಾಲೇಜುಗಳಿಗೆ ಮಾತ್ರ ಸಾಧ್ಯವೆಂಬ ಮಾತು ಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ದುಬಾರಿ ಎಐ ಚಂದಾ ಎಲ್ಲರಿಗೂ ಸಿಗದು, ನಿಜ. ಆದರೆ ಪರಿಶೀಲನೆಗೆ ಬೇಕಾದ ಮೂಲ ಸಾಮಗ್ರಿ ಹಲವು ದೇಶಗಳಲ್ಲಿ ಉಚಿತ. ಭಾರತದ ಸುಪ್ರೀಂ ಕೋರ್ಟ್ 2023ರ ಜನವರಿಯಿಂದ ತನ್ನ ಅಧಿಕೃತ ತೀರ್ಪುಗಳನ್ನು ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ಕೊಡುತ್ತಿದೆ. ಬ್ರಿಟನ್ನಿನಲ್ಲಿ ಬೈಲಿ, ಕೆನಡಾದಲ್ಲಿ ಕ್ಯಾನ್‌ಲೀ ಎಂಬ ಉಚಿತ ತಾಣಗಳು ಇವೆ. ತಪ್ಪುಗಳನ್ನು ಹುದುಗಿಸಿದ ಆ ಅಭಿಪ್ರಾಯ ಪತ್ರವನ್ನು ಸಿದ್ಧಪಡಿಸಲು ಒಬ್ಬ ಅಧ್ಯಾಪಕರ ಒಂದು ಸಂಜೆ ಸಾಕು. ಕೊರತೆ ಇರುವುದು ಅಧ್ಯಾಪಕರ ಸಮಯದಲ್ಲಿ: ನೂರು ವಿದ್ಯಾರ್ಥಿಗಳಿಗೆ ತಲಾ ಹತ್ತು ನಿಮಿಷದ ಮೌಖಿಕ ಪರೀಕ್ಷೆ ಎಂದರೆ ಹದಿನೇಳು ಗಂಟೆಯ ಹತ್ತಿರ ಆಯಿತು. ಎಐಗೆಂದು ಹಣ ತೆಗೆದಿಡುವ ವಿಶ್ವವಿದ್ಯಾಲಯಗಳು ಅದರ ಮೊದಲ ಪಾಲನ್ನು ಸಾಫ್ಟ್‌ವೇರ್ ಪರವಾನಗಿಗೆ ಕೊಡುವ ಬದಲು ಆ ಹದಿನೇಳು ಗಂಟೆಗೆ ಕೊಡಲಿ.